ಚೆಂಡು ಬಿದ್ದ ಜಾಗ

"ಗುರುಗಳೇ, ಗಾಲ್ಫ್ ಕೋಲಿಗೆ ದುಬಾರಿ ದಂಡ ಹಾಕಿಸಿದರೆ ನನ್ನಂತಹ ಸಾಧಾರಣ ಆಟಗಾರನಿಗೆ ಪ್ರಯೋಜನವಾದೀತೆ?"

ಶಿಷ್ಯನಾದ ತಿಪ್ಪೇಸ್ವಾಮಿ ಈ ಪ್ರಶ್ನೆಯನ್ನು ಹಿಂಜರಿಯುತ್ತಲೇ ಕೇಳಿದನು. ಉಳಿದವರು ಮೋಹವನ್ನು ಕುರಿತು, ಮುಕ್ತಿಯನ್ನು ಕುರಿತು ಕೇಳುವ ಜಗಲಿ ಅದು. ಅಲ್ಲಿ ಕುಳಿತು ಇಂಥದ್ದನ್ನು ಕೇಳಬಹುದೆ ಎಂಬ ಸಂಕೋಚ ಅವನಿಗಿತ್ತು. ಆದರೆ ಕೆಲವು ವಾರಗಳಿಂದ ಧ್ಯಾನಕ್ಕೆ ಕುಳಿತು ಕಣ್ಣು ಮುಚ್ಚಿದರೆ ಅವನಿಗೆ ಆ ದಂಡವೇ ಕಾಣುತ್ತಿತ್ತು.

ಗುರುಗಳು ನಗಲಿಲ್ಲ. "ದಂಡ ಎಂದರೆ ಕೋಲಿನ ಯಾವ ಭಾಗ?" ಎಂದು ಕೇಳಿದರು.

"ಕೈ ಹಿಡಿಯುವ ಹಿಡಿಗೂ ಚೆಂಡಿಗೆ ತಾಗುವ ತಲೆಗೂ ನಡುವೆ ಇರುವುದು, ಗುರುಗಳೇ. ಶಾಫ್ಟ್ ಎನ್ನುತ್ತಾರೆ. ನನ್ನದು ಉಕ್ಕಿನದು. ಜೊತೆಯವರೆಲ್ಲ ಕಾರ್ಬನ್ನಿನದು ಹಾಕಿಸಿಕೊಂಡಿದ್ದಾರೆ. ಚೆಂಡು ಬಹಳ ದೂರ ಹೋಗುತ್ತದಂತೆ."

"ಆ ಆಟ ನನಗೆ ಬಾರದು. ಅದನ್ನು ಆಡುತ್ತಿದ್ದ ಇಬ್ಬರನ್ನು ಬಲ್ಲೆ. ಅವರ ಕತೆ ಕೇಳು" ಎಂದು ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಎಣ್ಣೆ ವ್ಯಾಪಾರಿಯಿದ್ದನು. ವೈದ್ಯರು ಅವನಿಗೆ ನಡೆಯಬೇಕೆಂದು ಹೇಳಿದರು. ಸುಮ್ಮನೆ ನಡೆಯುವುದು ಬೇಸರವೆಂದು ಅವನು ಗಾಲ್ಫ್ ಕಲಿತನು. ನಡುವಯಸ್ಸಿನಲ್ಲಿ ಕಲಿತ ಆಟವಾದುದರಿಂದ ಬಂದಷ್ಟೇ ಬಂತು. ಅವನು ಕೆಟ್ಟ ಆಟಗಾರನಲ್ಲ, ಒಳ್ಳೆಯ ಆಟಗಾರನೂ ಅಲ್ಲ.

ಅವನ ಜೊತೆ ಆಡುತ್ತಿದ್ದವನು ನಿವೃತ್ತನಾದ ಒಬ್ಬ ಸ್ಟೇಷನ್ ಮಾಸ್ಟರ್. ಇಬ್ಬರೂ ಭಾನುವಾರ ಬೆಳಗ್ಗೆ ಮೈದಾನಕ್ಕೆ ಹೋಗುತ್ತಿದ್ದರು. ಅದು ಸಣ್ಣ ಊರಿನ ಮೈದಾನ. ಚೀಲ ಹೊರಲು ಆಳುಗಳಿರಲಿಲ್ಲ. ತಮ್ಮ ತಮ್ಮ ಕೋಲುಗಳನ್ನು ತಾವೇ ಹೆಗಲಿಗೆ ಹಾಕಿಕೊಂಡು, ಚೆಂಡನ್ನು ಬೀಳಿಸಬೇಕಾದ ಒಂದು ಕುಳಿಯಿಂದ ಇನ್ನೊಂದು ಕುಳಿಗೆ ಮಾತಾಡುತ್ತ ನಡೆಯುತ್ತಿದ್ದರು.

ಒಂದು ದಿನ ಸ್ಟೇಷನ್ ಮಾಸ್ಟರ್ ಚೆಂಡನ್ನು ಹೊಡೆದು, ಹಣೆಗೆ ಕೈ ಅಡ್ಡ ಹಿಡಿದು, "ಬಿಸಿಲು ಕಣ್ಣಿಗೆ ಹೊಡೀತು. ಎಲ್ಲಿ ಬಿತ್ತು, ಶೆಟ್ರೇ?" ಎಂದು ಕೇಳಿದನು.

ಆ ದಿನ ಮೋಡವಿತ್ತು. ವ್ಯಾಪಾರಿಯು ಅದನ್ನು ಹೇಳಲಿಲ್ಲ. "ಹೊಂಗೆ ಮರದ ಎಡಕ್ಕೆ, ಮಾಸ್ಟ್ರೇ" ಎಂದಷ್ಟೇ ಹೇಳಿದನು.

ಅಂದಿನಿಂದ ಅದು ವಾಡಿಕೆಯಾಯಿತು. ಸ್ಟೇಷನ್ ಮಾಸ್ಟರ್ ಹೊಡೆಯುವನು. ವ್ಯಾಪಾರಿ ನೋಡುವನು. ಚೆಂಡು ಹಾರಿ, ಇಳಿದು, ಉರುಳಿ, ಪೂರ್ಣವಾಗಿ ನಿಲ್ಲುವವರೆಗೂ ಅವನು ತುಟಿ ಬಿಚ್ಚುತ್ತಿರಲಿಲ್ಲ. ನಿಂತ ಮೇಲೆ ಜಾಗವನ್ನು ಹೇಳುವನು. ಬಳಿಕ ಇಬ್ಬರೂ ಅತ್ತ ನಡೆಯುವರು. ಕಣ್ಣಿನ ಮಾತನ್ನು ಇಬ್ಬರಲ್ಲಿ ಯಾರೂ ಎತ್ತಲಿಲ್ಲ. ಹತ್ತಿರದ ವಸ್ತುವನ್ನು ಸ್ಟೇಷನ್ ಮಾಸ್ಟರ್ ಕಾಣಬಲ್ಲನು. ಕಾಲಬಳಿಯ ಚೆಂಡನ್ನು ಹೊಡೆಯಲು ಅಷ್ಟು ಸಾಕಿತ್ತು. ಹೊಡೆದ ಚೆಂಡು ಮಾತ್ರ ಅವನ ಪಾಲಿಗೆ ಮಂಜಿನೊಳಗೆ ಹೋಗಿಬಿಡುತ್ತಿತ್ತು.

ಹೀಗೆ ಕೆಲವು ವರ್ಷಗಳು ಕಳೆದವು.

ಆ ಮೈದಾನದಲ್ಲಿ ವರ್ಷಕ್ಕೊಮ್ಮೆ ಜೋಡಿ ಪಂದ್ಯ ನಡೆಯುತ್ತಿತ್ತು. ಒಂದು ವರ್ಷ ಪಂದ್ಯಕ್ಕೆ ಮೊದಲು ಸ್ಟೇಷನ್ ಮಾಸ್ಟರ್ ತಾನಾಗಿಯೇ ಆ ಮಾತನ್ನು ಎತ್ತಿದನು.

"ಶೆಟ್ರೇ, ಕಣ್ಣಿನ ಡಾಕ್ಟರು ಆಸೆ ಇಟ್ಕೋಬೇಡಿ ಅಂದ್ರು. ಮುಂದಿನ ವರ್ಷದ ಪಂದ್ಯದ ಹೊತ್ತಿಗೆ ಪೂರ್ತಿ ಕತ್ತಲೆಯಂತೆ. ಈ ಸಲ ಒಮ್ಮೆ ಮೊದಲಿಂದ ಕೊನೆವರೆಗೂ ಆಡಿಬಿಡಬೇಕು ಅಂತ ಮನಸ್ಸು. ಗೆಲ್ಲೋದೆಲ್ಲ ಬೇಡ. ಕೊನೇ ಕುಳಿವರೆಗೂ ಹೋದ್ರೆ ಸಾಕು."

ಪಂದ್ಯ ನಡೆಸುವವರು ಮೊದಲು ಒಪ್ಪಲಿಲ್ಲ. ಕಾಣದವನು ಆಡಿದರೆ ಚೆಂಡು ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ, ಹಿಂದಿನ ಜೋಡಿಗಳು ಕಾಯಬೇಕಾಗುತ್ತದೆ ಎಂದರು. ಆಗ ವ್ಯಾಪಾರಿಯು, "ಅವರ ಚೆಂಡಿಗೆ ನಾನು ಹೊಣೆ" ಎಂದನು. ಅವರು ಒಪ್ಪಿದರು.

ಅವರ ಕೋಣೆಯಿಂದ ಹೊರಗೆ ಬರುವಾಗ ಒಬ್ಬ ಗಿರಣಿ ಮಾಲೀಕನು ವ್ಯಾಪಾರಿಯ ಚೀಲದಲ್ಲಿದ್ದ ಹಳೆಯ ಕೋಲುಗಳನ್ನು ಇಣುಕಿ ನೋಡಿದನು. "ಶೆಟ್ರೇ, ಪಂದ್ಯಕ್ಕೆ ಬರ್ತಿದ್ದೀರೋ, ಹುಣಸೆಹಣ್ಣು ಬಡಿಯೋಕೆ ಬರ್ತಿದ್ದೀರೋ? ಜೊತೆಗಾರರಿಗೆ ಕಣ್ಣಿಲ್ಲ, ನಿಮಗೆ ಕೋಲಿಲ್ಲ. ಒಳ್ಳೇ ಜೋಡಿ ಬಿಡಿ!" ಎಂದನು.

ಸುತ್ತಲಿದ್ದವರು ನಕ್ಕರು. ಸ್ಟೇಷನ್ ಮಾಸ್ಟರೂ ನಕ್ಕನು. ವ್ಯಾಪಾರಿಗೆ ಮಾತ್ರ ಆ ಮಾತು ಎದೆಯಲ್ಲಿ ಕುಳಿತಿತು. ಸ್ನೇಹಿತನ ಕೊನೆಯ ಪಂದ್ಯದಲ್ಲಿ ತನ್ನಿಂದ ಅವನಿಗೆ ಅವಮಾನವಾಗಬಾರದು ಎಂದುಕೊಂಡನು. ಪಟ್ಟಣಕ್ಕೆ ಹೋಗಿ ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ದುಬಾರಿಯಾದ ದಂಡವನ್ನು ಹಾಕಿಸಿದನು. ಅಂಗಡಿಯವನು ಪ್ರಾಮಾಣಿಕ. "ಇದು ಬಿರುಸಾಗಿ ಬೀಸೋರಿಗೆ ಸರಿ, ಸಾರ್. ನಿಮ್ಮ ತೋಳಿಗೆ ಇದಕ್ಕಿಂತ ಮೆತ್ತಗೆ ಬಾಗೋದು, ಇದರ ಅರ್ಧ ಬೆಲೆಯದು ಚೆನ್ನಾಗಿ ಹೊಂದುತ್ತೆ" ಎಂದನು. ಅರ್ಧ ಬೆಲೆಯೆಂಬ ಮಾತೇ ವ್ಯಾಪಾರಿಗೆ ಹಿಡಿಸಲಿಲ್ಲ.

ಪಂದ್ಯದ ದಿನ ಬಂತು. ವ್ಯಾಪಾರಿಯು ಹೊಸ ದಂಡದ ಕೋಲಿನಿಂದ ಮೊದಲ ಚೆಂಡನ್ನು ಹೊಡೆದನು. ಅದು ಎಂದೂ ಹೋಗದಷ್ಟು ದೂರ ಹೋಯಿತು. ಜನ ತಲೆದೂಗಿದರು. ಎರಡನೆಯ ಕುಳಿಗೆ ಹೊಡೆದುದು ಬೇಲಿಗೆ ಹೋಗಿ ಬಡಿಯಿತು. ಚೆನ್ನಾಗಿ ಹೋದುದು ದಂಡದಿಂದ, ಕೆಟ್ಟುದು ತನ್ನಿಂದ ಎಂದು ಅವನಿಗೆ ತೋರಿತು. ಹಳೆಯ ಕೋಲಿನಲ್ಲಿ ಒಂದು ಒಳ್ಳೆಯ ಹೊಡೆತ ಬಿದ್ದರೆ, ಇಂದು ನನಗೂ ಇಷ್ಟು ದೊರೆಯಿತಲ್ಲ ಎಂದು ದಿನವೆಲ್ಲ ಹಿಗ್ಗುತ್ತಿದ್ದ ಮನುಷ್ಯ ಅವನು. ಆ ಹಿಗ್ಗು ಅಂದು ಬರಲಿಲ್ಲ. ಕೊಟ್ಟ ಬೆಲೆಗೆ ತಕ್ಕಷ್ಟು ಬರಲಿಲ್ಲವೆಂಬ ಲೆಕ್ಕವೊಂದೇ ಬಂತು.

ಮುಂದಿನ ಕುಳಿಯಲ್ಲಿ ಸ್ಟೇಷನ್ ಮಾಸ್ಟರನ ಸರದಿ. ವ್ಯಾಪಾರಿಯು ಪಕ್ಕದಲ್ಲಿ ನಿಂತು ತನ್ನ ಕೋಲನ್ನು ನೋಡುತ್ತಿದ್ದನು. ಹಿಡಿಯನ್ನು ಸ್ವಲ್ಪ ಕೆಳಗೆ ಹಿಡಿದರೆ ಹೇಗೆ, ಸ್ವಲ್ಪ ಮೇಲೆ ಹಿಡಿದರೆ ಹೇಗೆ ಎಂದು ಗಾಳಿಯಲ್ಲಿ ಬೀಸಿ ನೋಡುತ್ತಿದ್ದನು. ಆಗ ಚೆಂಡಿಗೆ ಕೋಲು ತಾಗಿದ ಸದ್ದಾಯಿತು.

"ಎಲ್ಲಿ ಬಿತ್ತು, ಶೆಟ್ರೇ?"

ವ್ಯಾಪಾರಿ ತಲೆಯೆತ್ತಿದನು. ಮುಂದೆ ಹುಲ್ಲಿತ್ತು, ಪೊದೆಯಿತ್ತು, ಆಕಾಶವಿತ್ತು. ಚೆಂಡು ಇರಲಿಲ್ಲ.

"ಅಲ್ಲೇ, ಆ ಪೊದೆ ಹತ್ರ" ಎಂದು ಕೂಡಲೇ ಹೇಳಿಬಿಟ್ಟನು.

ಇಬ್ಬರೂ ಹೋಗಿ ಹುಡುಕಿದರು. ಪೊದೆಯ ಸುತ್ತ ಇರಲಿಲ್ಲ. ಅದರ ಹಿಂದೆಯೂ ಇರಲಿಲ್ಲ. ಸ್ಟೇಷನ್ ಮಾಸ್ಟರ್ ಬಗ್ಗಿ ಕೈಯಿಂದ ಹುಲ್ಲನ್ನು ತಡವುತ್ತಿದ್ದನು. ಹಿಂದಿನ ಜೋಡಿ ಬಂದು ನಿಂತಿತು. ಅದು ಗಿರಣಿ ಮಾಲೀಕನ ಜೋಡಿ. "ಹೊಣೆ ಹೊತ್ತೋರು ಎಲ್ಲಿ ಸ್ವಾಮಿ?" ಎಂದು ಅವನು ದೂರದಿಂದಲೇ ಕೂಗಿದನು.

ಸ್ಟೇಷನ್ ಮಾಸ್ಟರ್ ಎದ್ದು ಮೊಣಕಾಲಿನ ಮಣ್ಣನ್ನು ಒರೆಸಿಕೊಂಡನು. "ಸಾಕು ಶೆಟ್ರೇ. ಇಷ್ಟು ಆಡಿದ್ದಾಯ್ತಲ್ಲ. ಅವರನ್ನು ಕಾಯಿಸೋದು ಬೇಡ. ನನ್ನ ಹೆಸರು ತೆಗೀರಿ ಅಂತ ನಾನೇ ಹೇಳ್ತೀನಿ" ಎಂದನು.

ವ್ಯಾಪಾರಿಯು ಅವನನ್ನು ತಡೆದನು. "ಮಾಸ್ಟ್ರೇ, ನಾನು ನೋಡ್ಲೇ ಇಲ್ಲ. ಪೊದೆ ಹತ್ರ ಅಂದದ್ದು ಸುಳ್ಳು."

"ಗೊತ್ತು."

"ಗೊತ್ತಿದ್ದೂ ಬಗ್ಗಿ ಹುಡುಕಿದ್ರಾ?"

"ನೋಡಿದ ದಿನ ನೀವು ಇಷ್ಟು ಬೇಗ ಹೇಳೋರಲ್ಲ. ಚೆಂಡು ನಿಲ್ಲೋವರೆಗೂ ಉಸಿರೇ ಬಿಡೋದಿಲ್ಲ. ಆ ಹೊತ್ತಿನಲ್ಲಿ ನಾನು ನಿಮ್ಮ ಪಕ್ಕದಲ್ಲಿ ನಿಂತು, ಓಹೋ, ಇನ್ನೂ ಹೋಗ್ತಿದೆ, ಇನ್ನೂ ಹೋಗ್ತಿದೆ ಅಂದ್ಕೋತಿದ್ದೆ. ಎಷ್ಟು ಖುಷಿ ಆಗ್ತಿತ್ತು ಗೊತ್ತಾ?" ಎಂದು ಸ್ಟೇಷನ್ ಮಾಸ್ಟರ್ ನಕ್ಕನು. ಆಮೇಲೆ ವ್ಯಾಪಾರಿಯ ತೋಳನ್ನು ಹಿಡಿದು, "ಇಷ್ಟು ವರ್ಷ ನಾನು ಹೊಡೆದ ಚೆಂಡೆಲ್ಲ ನೀವು ನೋಡಿದ್ದೀರಿ. ಒಂದು ದಿನವೂ ಬೇಸರ ಪಡಲಿಲ್ಲ. ನಾನು ಬಾಯಿ ಬಿಟ್ಟು ಒಂದು ಒಳ್ಳೇ ಮಾತು ಹೇಳಲಿಲ್ಲ. ಇವತ್ತು ಒಂದು ತಪ್ಪಿಹೋಯ್ತು ಅಂತ ಕೋಪ ಮಾಡ್ಕೊಂಡ್ರೆ, ನೀವು ನೋಡಿದ ಅಷ್ಟೂ ಚೆಂಡಿಗೆ ನಾನೇನು ಹೇಳಲಿ?" ಎಂದನು.

ವ್ಯಾಪಾರಿಯು ಹಿಂದಿನವರಿಗೆ ಕೈ ಬೀಸಿ, "ನೀವು ಮುಂದೆ ಹೋಗಿ" ಎಂದನು. ಆ ಆಟದಲ್ಲಿ ತಡವಾದವರು ಪಕ್ಕಕ್ಕೆ ಸರಿದು ಹಿಂದಿನವರಿಗೆ ದಾರಿ ಬಿಡುವ ಪದ್ಧತಿಯಿದೆ. ಗಿರಣಿ ಮಾಲೀಕನು ದಾಟುವಾಗ ಹೊಸ ಕೋಲನ್ನು ನೋಡಿ, "ಕೋಲೇನೋ ಜೋರಾಗಿದೆ" ಎಂದನು.

"ಹೌದು. ಇದನ್ನೇ ನೋಡ್ತಾ ನಿಂತಿದ್ದೆ" ಎಂದನು ವ್ಯಾಪಾರಿ.

ಗಿರಣಿ ಮಾಲೀಕನ ಹಿಂದೆ ಇನ್ನೊಂದು ಜೋಡಿ ದಾಟಿತು. ಮತ್ತೊಂದು ಜೋಡಿಯೂ ದಾಟಿತು. ಎಲ್ಲರೂ ಹೋದ ಮೇಲೆ ಕಾಯುವವರು ಯಾರೂ ಉಳಿಯಲಿಲ್ಲ. ಸ್ಟೇಷನ್ ಮಾಸ್ಟರ್ ನಿಯಮದಂತೆ ಮೊದಲು ಹೊಡೆದ ಜಾಗಕ್ಕೆ ಹಿಂದಿರುಗಿ ಬೇರೆ ಚೆಂಡನ್ನು ಇಟ್ಟನು. ವ್ಯಾಪಾರಿಯು ತನ್ನ ಕೋಲನ್ನು ಹುಲ್ಲಿನ ಮೇಲೆ ಮಲಗಿಸಿ, ಎರಡೂ ಕೈ ಬಿಟ್ಟು ನಿಂತನು. ಚೆಂಡು ಹಾರಿತು. ಅವನು ನೋಡಿದನು. ಅದು ಇಳಿಯಿತು. ನೋಡಿದನು. ಉರುಳಿತು. ನೋಡುತ್ತಲೇ ಇದ್ದನು. ಪಕ್ಕದಲ್ಲಿ ಸ್ಟೇಷನ್ ಮಾಸ್ಟರನ ಮುಖ ಆ ಮೌನದಲ್ಲಿ ಅರಳುತ್ತ ಹೋಯಿತು.

ಬಳಿಕ ವ್ಯಾಪಾರಿಯ ಸರದಿ ಬಂತು. ಮನಸ್ಸಿನಲ್ಲಿ ಇನ್ನೂ ಸ್ನೇಹಿತನ ಚೆಂಡು ಬಿದ್ದ ಜಾಗವೇ ಇತ್ತು. ಹಿಡಿಯನ್ನು ಎಲ್ಲಿ ಹಿಡಿದೆನೆಂದು ಅವನು ನೋಡಿಕೊಳ್ಳಲಿಲ್ಲ. ಚೆಂಡು ನೆಟ್ಟಗೆ ಹೋಯಿತು. ಬಹು ದೂರವೇನೂ ಹೋಗಲಿಲ್ಲ. ಅವನಿಗೆ ಹಳೆಯ ಹಿಗ್ಗು ಮರಳಿತು.

ಅವರು ಎಲ್ಲರಿಗಿಂತ ಕೊನೆಯಲ್ಲಿ ಮುಗಿಸಿದರು. ಬಹುಮಾನ ಕೊಟ್ಟು ಜನರು ಊಟಕ್ಕೆ ಕುಳಿತಿದ್ದರು. ಕೊನೆಯ ಕುಳಿಯಲ್ಲಿ ಚೆಂಡು ಬಿದ್ದಾಗ ಸ್ಟೇಷನ್ ಮಾಸ್ಟರ್ ಟೋಪಿಯನ್ನು ತೆಗೆದನು. ತಾನು ನಡೆದು ಬಂದ ನೆಲದ ಕಡೆಗೆ ತಿರುಗಿ ಕೈಮುಗಿದನು. ಅದು ಅವನಿಗೆ ಬರಿಯ ಹಸಿರಾಗಿ ಕಾಣುತ್ತಿತ್ತು. ಅನಂತರ ವ್ಯಾಪಾರಿಯ ಕಡೆಗೆ ತಿರುಗಿದನು. ವ್ಯಾಪಾರಿಯು ಅವನಿಗಿಂತ ಮೊದಲೇ ಕೈಮುಗಿದಿದ್ದನು.

ಗುರುಗಳು ಕತೆಯನ್ನು ನಿಲ್ಲಿಸಿದರು.

ತಿಪ್ಪೇಸ್ವಾಮಿಯು ಕೇಳಿದನು. "ಆ ದಂಡವನ್ನು ವ್ಯಾಪಾರಿಯು ಎಸೆದುಬಿಟ್ಟನೆ, ಗುರುಗಳೇ?"

"ಏಕೆ ಎಸೆಯಬೇಕು? ಅದರಲ್ಲಿಯೇ ಆಡಿದನು. ಅದು ಯಾರಿಗೂ ಕೇಡು ಮಾಡಲಿಲ್ಲ."

"ಚೆಂಡು ದೂರ ಹೋದುದು ನಿಜವೆ?"

"ನಿಜ. ಒಮ್ಮೊಮ್ಮೆ ಕೆಲವು ಹೆಜ್ಜೆಗಳಷ್ಟು. ಸಾಧಾರಣ ಆಟಗಾರನಿಗೆ ದುಬಾರಿ ದಂಡದಿಂದ ದೊರೆಯುವುದು ಅಷ್ಟೇ. ತೋಳಿಗೆ ಹೊಂದುವುದಿದ್ದರೆ ಸಾಕು. ಅದನ್ನು ಅಂಗಡಿಯವನೇ ಹೇಳಿದ್ದನು."

ತಿಪ್ಪೇಸ್ವಾಮಿಗೆ ಸಮಾಧಾನವಾಯಿತು. ಕೇಳಿದುದಕ್ಕೆ ಉತ್ತರ ದೊರೆಯಿತೆಂದು ಅವನು ನಮಸ್ಕರಿಸಿ ಏಳಲು ಹೊರಟನು. ಆಗ ಗುರುಗಳು ಕೇಳಿದರು.

"ನೀನು ಹೊಡೆದ ಚೆಂಡು ಎಲ್ಲಿ ಬಿತ್ತೆಂದು ಯಾರು ನೋಡುತ್ತಾರೆ?"

"ನಮ್ಮ ಮೈದಾನದಲ್ಲಿ ಚೀಲ ಹೊರುವವರಿದ್ದಾರೆ, ಗುರುಗಳೇ. ನನ್ನ ಚೀಲ ಹೊರುವಾತ ನಾನು ಸೇರಿದಂದಿನಿಂದಲೂ ಒಬ್ಬನೇ. ಬಲು ಒಳ್ಳೆಯವನು. ಮುಳ್ಳಿನೊಳಗೆ ಬಿದ್ದರೂ ನುಗ್ಗಿ ತೆಗೆದು ಕೊಡುತ್ತಾನೆ. ಅವನಿರುವುದರಿಂದ ನಾನು ಒಂದು ಚೆಂಡನ್ನೂ ಕಳೆದುಕೊಂಡಿಲ್ಲ."

"ಅವನ ಹೆಸರೇನು?" ಎಂದರು ಗುರುಗಳು.

ಏಳಲು ಹೊರಟಿದ್ದ ತಿಪ್ಪೇಸ್ವಾಮಿಯು ಮತ್ತೆ ಕುಳಿತನು. ಅದನ್ನು ಅವನು ಎಂದೂ ಕೇಳಿರಲಿಲ್ಲ.