ಕೆಜೀಯಮ್ಮನವರು ಹಿಂದಿರುಗಿಸಿದ ಸೀಸದ ಬಿಲ್ಲೆ

ಕೆರಿಬಿಯನ್ ಸಮುದ್ರದ ಒಂದು ದ್ವೀಪದಲ್ಲಿ ಸೇಂಟ್ ಬ್ರೈಡ್ ಎಂಬ ಬಂದರು ಪಟ್ಟಣ. ಸಕ್ಕರೆಯ ಹಡಗುಗಳು ನಿಲ್ಲುವ ಧಕ್ಕೆಗೆ ಎದುರಾಗಿ ಸ್ಕಾಟ್ಲೆಂಡಿನವರು ಕಟ್ಟಿಸಿದ ಪ್ರೆಸ್ಬಿಟೇರಿಯನ್ ದೇವಾಲಯ. ಅದರ ಹಿಂದಿನ ಒಲೆಮನೆಯಲ್ಲಿ ಪೂಜ್ಯ ಕೆಜೀಯಮ್ಮನವರು ನಲವತ್ತು ವರ್ಷ ವಾಸವಾಗಿದ್ದರು. ಗುಲಾಮಳಾಗಿ ಹುಟ್ಟಿದವರು. ಬಿಡುಗಡೆಯಾದ ದಿನದಿಂದ ಆ ದೇವಾಲಯದ ನೆಲ ಒರೆಸುವುದು, ಕ್ರೈಸ್ತರು ಒಟ್ಟಿಗೆ ಮೇಜಿಗೆ ಕೂತು ಹಂಚಿಕೊಳ್ಳುವ ಪ್ರಭು ಭೋಜನದ ರೊಟ್ಟಿ ಸುಡುವುದು, ಉದ್ದನೆಯ ಮೇಜುಗಳ ಬಿಳಿಯ ಬಟ್ಟೆಗೆ ಗಂಜಿ ಹಾಕಿ ಇಸ್ತ್ರಿ ಮಾಡುವುದು ಅವರ ಸೇವೆಯಾಗಿತ್ತು. ಆ ಬಟ್ಟೆಯಲ್ಲಿ ಸುಕ್ಕು ಕಂಡವರಿಲ್ಲ. ಸೇವೆಯೆಂದರೆ ಹೇಗಾದರೂ ನಡೆಯುತ್ತದೆಂದು ತಿಳಿದವರು ಇದನ್ನು ಗಮನಿಸಬೇಕು.

ಆ ಸಭೆಯಲ್ಲಿ ಒಂದು ಕಟ್ಟುನಿಟ್ಟಿತ್ತು. ವರ್ಷಕ್ಕೆರಡು ಸಲ ನಡೆಯುವ ಪ್ರಭು ಭೋಜನಕ್ಕೆ ಮನಬಂದವರು ಕೂರುವಂತಿರಲಿಲ್ಲ. ಹಿಂದಿನ ದಿನ ಸಭೆಯ ಹಿರಿಯರೊಬ್ಬರು ಎಲ್ಲರನ್ನೂ ವಿಚಾರಿಸಿ, ಯೋಗ್ಯರೆಂದು ಕಂಡವರ ಕೈಗೆ ಸೀಸದ ಸಣ್ಣ ಬಿಲ್ಲೆಯೊಂದನ್ನು ಕೊಡುತ್ತಿದ್ದರು. ಭಾನುವಾರ ಬಾಗಿಲಲ್ಲಿ ಅದನ್ನು ಒಪ್ಪಿಸಿದವರಿಗೆ ಮಾತ್ರ ಮೇಜಿನಲ್ಲಿ ಜಾಗ.

ಆಗ ವಿಚಾರಣೆಗೆ ಕೂರುತ್ತಿದ್ದವರು ಧಕ್ಕೆಯ ಗೋದಾಮಿನ ಅಧಿಕಾರಿ ಆರ್ಚಿಬಾಲ್ಡ್ ಮ್ಯೂರ್. ಕೆಟ್ಟವರಲ್ಲ. ಕಾಗದದಲ್ಲಿ ಇಲ್ಲದ್ದು ಲೋಕದಲ್ಲಿಯೂ ಇಲ್ಲವೆಂದು ನಂಬಿದವರು. ಇಂಥವರಿಂದ ಆಗುವಷ್ಟು ಹಾನಿ ಕೆಟ್ಟವರಿಂದಲೂ ಆಗುವುದಿಲ್ಲ.

ಒಂದು ಶನಿವಾರ ಅವರ ಮುಂದೆ ಸುಂಕಮ್ಮ ಬಂದು ನಿಂತರು. ಬಳ್ಳಾರಿ ಕಡೆಯವರು. ಗಂಡ ದುರುಗಪ್ಪನವರೊಡನೆ ಕರಾರಿನ ಮೇಲೆ ಕಬ್ಬಿನ ಗದ್ದೆಗೆ ಬಂದು, ಅಲ್ಲಿಯೇ ಇಬ್ಬರೂ ದೀಕ್ಷಾಸ್ನಾನ ಪಡೆದಿದ್ದರು. ಧಕ್ಕೆಯಲ್ಲಿ ಸಕ್ಕರೆಯ ಪೀಪಾಯಿ ಉರುಳಿ ದುರುಗಪ್ಪ ತೀರಿಕೊಂಡು ಎಂಟು ತಿಂಗಳಾಗಿತ್ತು. ಸುಂಕಮ್ಮನ ಎದೆಗೆ ಕ್ಷಯ ತಗುಲಿತ್ತು. ಉಸಿರಿರುವಾಗ ಒಮ್ಮೆ ಪ್ರಭುವಿನ ಮೇಜಿಗೆ ಕೂರಬೇಕೆಂಬುದೊಂದೇ ಅವರ ಆಸೆ.

"ಮದುವೆಯ ಕಾಗದ ಎಲ್ಲಿ?" ಎಂದರು ಮ್ಯೂರ್.

"ನಮ್ಮೂರಾಗ ಕಾಗದ ಯಾರು ಕೊಡ್ತಾರ, ದೊರೆ? ಐದೂರ ಮಂದಿ ಚಪ್ಪರದಾಗ ಕುಂತು ಉಂಡು ಹೋದ್ರು. ಅನ್ನ ಸಾಲಲಿಲ್ಲಂತ ನಮ್ಮ ಮಾವನ ಮ್ಯಾಲೆ ಅವರಿಗೆ ಇನ್ನೂ ಸಿಟ್ಟೈತಿ."

ಸಾಲಿನಲ್ಲಿ ಹಿಂದೆ ನಿಂತಿದ್ದ ಹಡಗಿನ ಕಪ್ತಾನರ ಪತ್ನಿ ಶ್ರೀಮತಿ ಗೆಡ್ಡಿಸ್ ನಕ್ಕರು. "ಉಂಡವರನ್ನೇ ಕರೆಸಿ ಸಾಕ್ಷಿ ಕೇಳೋಣವೇ, ಮ್ಯೂರ್? ನಮ್ಮವರ ಹಡಗಿನಲ್ಲಿ ಜಾಗವಿದೆ."

ಸುಂಕಮ್ಮ ಸೆರಗಿನ ಗಂಟು ಬಿಚ್ಚಿ, ಗಂಡ ಸತ್ತ ದಿನ ಕೊರಳಿನಿಂದ ತೆಗೆದಿಟ್ಟಿದ್ದ ತಾಳಿಯನ್ನು ಮೇಜಿನ ಮೇಲೆ ಇಟ್ಟರು. ಮ್ಯೂರ್ ಅದನ್ನು ಮುಟ್ಟಲಿಲ್ಲ.

"ಇದು ಲೋಹದ ಚೂರು. ಕಾಗದವಿಲ್ಲದೆ ಬಾಳಿದ್ದು ವ್ಯಭಿಚಾರವೆಂದು ನಾಳೆ ಸಭೆಯ ಮುಂದೆ ಒಪ್ಪಿಕೋ. ಪಶ್ಚಾತ್ತಾಪಪಟ್ಟವರಿಗೆ ಬಿಲ್ಲೆ ಉಂಟು."

"ಸತ್ತವನನ್ನ ಈಗ ಗಂಡ ಅಲ್ಲ ಅನ್ನಲೇನು? ಮಗಳಿಗೆ ಏನಂತ ಹೇಳ್ಲಿ?"

ಮ್ಯೂರ್ ಮುಂದಿನವರನ್ನು ಕರೆದರು.

ಕೆಜೀಯಮ್ಮನವರು ಪಕ್ಕದಲ್ಲೇ ಮೊಣಕಾಲೂರಿ ನೆಲ ಒರೆಸುತ್ತಿದ್ದರು. ಅವರಿಗೆ ಬಿಲ್ಲೆ ಮೊದಲೇ ಸಿಕ್ಕಿತ್ತು. ನಿಧಾನವಾಗಿ ಎದ್ದು, ಕೈ ಒರೆಸಿಕೊಂಡು ಮೇಜಿನ ಬಳಿ ಬಂದರು.

"ನನ್ನನ್ನು ಈ ಪ್ರಶ್ನೆ ಯಾರೂ ಕೇಳಲಿಲ್ಲ, ಮ್ಯೂರ್."

"ನಿನ್ನ ಕಾಲವೇ ಬೇರೆ, ಕೆಜೀಯ."

"ನನ್ನ ತಾಯಿಗೂ ಮದುವೆಯ ಕಾಗದ ಇರಲಿಲ್ಲ. ಅವಳ ಹೆಸರಿನಲ್ಲಿ ಇದ್ದದ್ದು ಒಂದೇ ಕಾಗದ, ಅವಳನ್ನು ಮಾರಿದ್ದು." ಜೇಬಿನಿಂದ ತಮ್ಮ ಬಿಲ್ಲೆಯನ್ನು ತೆಗೆದು ತಾಳಿಯ ಪಕ್ಕದಲ್ಲಿಟ್ಟರು. "ನಾಳೆ ಬಾಗಿಲಲ್ಲಿ ನೀವು ನಂಬುವುದೂ ಲೋಹದ ಚೂರನ್ನೇ. ಅವಳದ್ದು ಸಾಲದಾದರೆ ನನ್ನದೂ ಬೇಡ."

ಮರುದಿನ ರೊಟ್ಟಿ ಎಂದಿನಂತೆ ಹದವಾಗಿ ಬೆಂದಿತ್ತು, ಮೇಜಿನ ಬಟ್ಟೆ ಎಂದಿನಂತೆ ನಿರಿಗೆಯಿಲ್ಲದೆ ಹಾಸಿತ್ತು. ಎಲ್ಲವನ್ನೂ ಅಣಿ ಮಾಡಿಟ್ಟು ಕೆಜೀಯಮ್ಮನವರು ಹೊರಗೆ ಬಂದು, ಬಿಸಿಲು ಬಿದ್ದ ಮೆಟ್ಟಿಲ ಮೇಲೆ ಸುಂಕಮ್ಮನ ಪಕ್ಕದಲ್ಲಿ ಕುಳಿತರು. ಒಳಗೆ ಕೀರ್ತನೆ ನಡೆಯಿತು. ಇಬ್ಬರೂ ಅಲ್ಲಿಂದಲೇ ದನಿಗೂಡಿಸಿದರು. ಸುಂಕಮ್ಮನದು ನಡುನಡುವೆ ಕೆಮ್ಮಿನಲ್ಲಿ ತುಂಡಾಗುತ್ತಿತ್ತು. ಆರಾಧನೆ ಮುಗಿಸಿ ಬಂದ ಶ್ರೀಮತಿ ಗೆಡ್ಡಿಸ್, "ಹಠ ಸಾಕು, ಕೆಜೀಯ. ಅಂದಹಾಗೆ, ರೊಟ್ಟಿ ಬಹಳ ಚೆನ್ನಾಗಿತ್ತು" ಎಂದು ಹೇಳಿ ಗಾಡಿ ಹತ್ತಿದರು. ಪಾದ್ರಿಗಳು ಇನ್ನೊಂದು ಬಾಗಿಲಿನಿಂದ ಹೋದರು.

ಮ್ಯೂರ್ ಕುಳಿತಿದ್ದ ಜಾಗದಿಂದ ಆ ಮೆಟ್ಟಿಲು ಕಾಣುತ್ತಿತ್ತು. ಅಲ್ಲಿಗೆ ಕಣ್ಣು ಹೋದಾಗಲೇ ತಮ್ಮ ತಪ್ಪು ತಿಳಿಯಿತೆಂದು ಅವರೇ ಮುಂದೆ ಹೇಳಿದ್ದುಂಟು. ಆದರೂ ಅವರು ಎದ್ದು ಹೊರಗೆ ಬರಲಿಲ್ಲ. ತಪ್ಪು ತಿಳಿದ ಮೇಲೂ ಆರು ತಿಂಗಳು, ಮುಂದಿನ ಭೋಜನದವರೆಗೆ, ನಿಯಮದಂತೆ ಕಾದರು.

ಆ ಭೋಜನದ ಹಿಂದಿನ ಶನಿವಾರ, ವಿಚಾರಣೆಗೆ ಕೂರುವ ಮೊದಲೇ, ಒಂದು ಬಿಲ್ಲೆ ಹಿಡಿದು ಕೂಲಿಗಳ ಸಾಲುಮನೆಗೆ ಹೋದರು. ಸುಂಕಮ್ಮನ ಏಳು ವರ್ಷದ ಮಗಳು ಪಕ್ಕದ ಮನೆಯವರ ಜಗಲಿಯಲ್ಲಿ ಕುಳಿತಿದ್ದಳು. ಕೊರಳಲ್ಲಿ ದಾರಕ್ಕೆ ಪೋಣಿಸಿದ ತಾಳಿಯಿತ್ತು. ತಾಯಿ ತೀರಿಕೊಂಡು ಹತ್ತೊಂಬತ್ತು ದಿನವಾಗಿತ್ತು.

ಮ್ಯೂರ್ ಒಲೆಮನೆಗೆ ಬಂದಾಗ ಕೆಜೀಯಮ್ಮನವರು ಮರುದಿನದ ಹಿಟ್ಟು ನಾದುತ್ತಿದ್ದರು.

"ಅವರಿಗೆಂದು ತಂದಿದ್ದೆ," ಎಂದರು ಮ್ಯೂರ್. "ಇದನ್ನು ಎಲ್ಲಿಡಲಿ?"

ಸಮಾಧಾನದ ಮಾತನ್ನು ನಿರೀಕ್ಷಿಸಿ ಬಂದಿದ್ದರೋ ಏನೋ. ಕೆಜೀಯಮ್ಮನವರು ಹಿಟ್ಟಿನಿಂದ ಕೈ ತೆಗೆಯಲಿಲ್ಲ.

"ನಿಮ್ಮ ಹತ್ತಿರವೇ ಇರಲಿ. ಎಷ್ಟು ಭಾರವೆಂದು ತಿಳಿಯಲಿ."

ಅಂದು ವಿಚಾರಣೆಯ ಕುರ್ಚಿಯಲ್ಲಿ ಇನ್ನೊಬ್ಬ ಹಿರಿಯರು ಕೂರಬೇಕಾಯಿತು. ಆಮೇಲೆ ಬದುಕಿದ್ದ ಹದಿನೇಳು ವರ್ಷ ಮ್ಯೂರ್ ಮತ್ತೆ ಅದರಲ್ಲಿ ಕೂರಲಿಲ್ಲ, ಪ್ರಭುವಿನ ಮೇಜಿಗೂ ಹೋಗಲಿಲ್ಲ. ಆ ಶನಿವಾರದ ಮರುದಿನವೇ, ಎಲ್ಲರೂ ಬಿಲ್ಲೆ ಒಪ್ಪಿಸಿ ಒಳಗೆ ಹೋಗುತ್ತಿದ್ದಾಗ, ಅವರು ಟೋಪಿ ಕಳಚಿ ಮೆಟ್ಟಿಲ ಬಳಿ ನಿಂತರು. ಅಲ್ಲಿ ಕೆಜೀಯಮ್ಮನವರ ಪಕ್ಕದಲ್ಲಿ ಸುಂಕಮ್ಮನ ಮಗಳು ಕುಳಿತಿದ್ದಳು. ಕೆಜೀಯಮ್ಮನವರು ಲಂಗವನ್ನು ಸರಿಸಿಕೊಂಡು ಜಾಗ ಬಿಟ್ಟರು.

ಮಗು ಆ ದೊಡ್ಡ ಮನುಷ್ಯನನ್ನು ಬಹಳ ಹೊತ್ತು ನೋಡಿತು.

"ನಿಮಗೂ ಬಿಲ್ಲೆ ಕೊಡಲಿಲ್ಲವಾ?"

ಸುಂಕಮ್ಮನಿಗೆಂದು ತಂದಿದ್ದ ಬಿಲ್ಲೆಯಿದ್ದ ಕೈಯನ್ನು ಮ್ಯೂರ್ ಬಿಗಿಯಾಗಿ ಮುಚ್ಚಿಕೊಂಡರು.

"ಇಲ್ಲ, ಮಗಳೇ. ನನಗೂ ಇಲ್ಲ."