ಸಂಪಿಗೆಯ ತಣಿಗೆನೆ

"ಗುರುಗಳೇ, ಒಬ್ಬರ ತಪ್ಪು ಎಲ್ಲರಿಗೂ ಗೊತ್ತಿದೆ. ಅವರೊಬ್ಬರಿಗೆ ಮಾತ್ರ ಗೊತ್ತಿಲ್ಲ. ಹೇಳಬೇಕೋ, ಸುಮ್ಮನಿರಬೇಕೋ?"

ಕೇಳಿದವನು ಬೊಮ್ಮಣ್ಣ. ಮಠಕ್ಕೆ ಹೊಸದಾಗಿ ಬಂದ ಶಿಷ್ಯ.

"ಯಾರ ತಪ್ಪು?" ಎಂದರು ಗುರುಗಳು.

"ಭಜನೆ ಹೇಳಿಕೊಡುವ ಹಿರಿಯರದು. ಅವರ ಕಿವಿ ಮಂದವಾಗಿದೆ. ಶ್ರುತಿ ಒಂದು ದಾರಿ ಹಿಡಿದರೆ ಅವರ ದನಿ ಇನ್ನೊಂದು ದಾರಿ. ಎಲ್ಲರೂ ತಲೆ ತಗ್ಗಿಸಿ ತಾಳ ತಟ್ಟುತ್ತಾರೆ. ನನ್ನ ಕೈಲಿ ಅದು ಆಗದು. ನಮ್ಮ ಊರ ಕಡೆಯವರು ಇದ್ದದ್ದನ್ನು ಮುಖದ ಮೇಲೇ ಹೇಳುವವರು. ಅದಕ್ಕೆ ಗುಂಡಿಗೆ ಬೇಕು. ಇಲ್ಲಿ ಯಾರಿಗೂ ಇಲ್ಲ, ನನಗಿದೆ."

ಗುರುಗಳು ನಕ್ಕರು. "ಕೂತುಕೊಳ್ಳಯ್ಯ. ಗುಂಡಿಗೆ ಎಲ್ಲೂ ಓಡಿಹೋಗುವುದಿಲ್ಲ" ಎಂದು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಅಮ್ಮನವರ ಗುಡಿ. ಆ ಗುಡಿಯ ಅಡುಗೆಮನೆಯಲ್ಲಿ ಒಬ್ಬ ಅಡುಗೆಯವನು. ಬೇಸಗೆಯಲ್ಲಿ ಅಮ್ಮನವರಿಗೆ ತಣಿಗೆನೆಯ, ಅಂದರೆ ತಣ್ಣಗೆ ಗಟ್ಟಿ ಮಾಡಿದ ಹಾಲುಕೆನೆಯ, ನೈವೇದ್ಯ ಆಗುತ್ತಿತ್ತು. ಅದು ಹಿಮ ಕಾಣದ ಸೀಮೆ. ಆದರೂ ಅವನು ಮಾಡಿದ ಕೆನೆ ಬಾಯಿಗಿಟ್ಟರೆ ಹಲ್ಲು ಜುಮ್ಮೆನ್ನುತ್ತಿತ್ತು.

ಹಾಲನ್ನು ಸಣ್ಣ ಉರಿಯಲ್ಲಿಟ್ಟು, ಕಟ್ಟಿದ ಕೆನೆಯನ್ನು ಪದರಪದರವಾಗಿ ಎತ್ತಿಡುತ್ತಿದ್ದ. ಹಾಲು ಅರ್ಧಕ್ಕಿಳಿದು ಆರಿದ ಮೇಲೆ ಕೆನೆಯನ್ನೂ ಕಲ್ಲುಸಕ್ಕರೆಯ ಪುಡಿಯನ್ನೂ ಬೆರೆಸುತ್ತಿದ್ದ. ಬಿಸಿಯಿರುವಾಗ ಹಣ್ಣು ಸೇರಿದರೆ ಹಾಲು ಒಡೆಯುತ್ತದೆ; ಆದ್ದರಿಂದ ಸೋಸಿದ ಮಾವಿನ ರಸ ಕಡೆಗೆ. ಕಲಾಯಿ ಹಾಕಿದ ತಾಮ್ರದ ಚೆಂಬಿಗೆ ಅದನ್ನು ಸುರಿದು, ಮುಚ್ಚಳಕ್ಕೆ ಹಿಟ್ಟು ಮೆತ್ತಿ, ದೊಡ್ಡ ಬಾನಿಯ ನೀರಿನಲ್ಲಿ ಇಳಿಬಿಡುತ್ತಿದ್ದ. ಆ ನೀರಿಗೆ ಪೆಟ್ಲುಪ್ಪು ಹಾಕುತ್ತಿದ್ದ. ಕೋವಿಯ ಮದ್ದಿಗೆ ಬೆರೆಸುತ್ತಾರಲ್ಲ, ಅದೇ ಉಪ್ಪು. ಅದು ಕರಗಿದರೆ ನೀರು ಕೈ ಇಡಲಾರದಷ್ಟು ತಣ್ಣಗಾಗುತ್ತದೆ. ಕೆನೆ ಗಟ್ಟಿಯಾಗುವವರೆಗೆ ಚೆಂಬನ್ನು ತಿರುಗಿಸುತ್ತ ಕೂರುತ್ತಿದ್ದ.

ಇಷ್ಟನ್ನು ಯಾರು ಬೇಕಾದರೂ ಕಲಿಯಬಹುದು. ಕಲಿಸಲಾಗದ್ದು ಸಂಪಿಗೆಯ ಹದ. ಹೂವನ್ನು ಕೆನೆಗೆ ಹಾಕುವಂತಿಲ್ಲ. ಬರಿಯ ಚೆಂಬಿನಲ್ಲಿ ಹೂ ಮುಚ್ಚಿಟ್ಟು, ಪರಿಮಳ ಹದಕ್ಕೆ ಬಂದೊಡನೆ ಹೂ ತೆಗೆದು, ಆಮೇಲೆ ಕೆನೆ ಸುರಿಯಬೇಕು. ಬೇಗ ತೆಗೆದರೆ ಹಾಲಿನ ವಾಸನೆಯೇ ಮುಂದಾಗುತ್ತದೆ. ತಡವಾದರೆ ಹೂ ಬೆವೆತು ಕಹಿ ಬಿಡುತ್ತದೆ. ಹದ ನೋಡೋಣವೆಂದರೆ, ದೇವರಿಗೆ ಮುಡಿಪಾದದ್ದನ್ನು ಮೂಸುವಂತಿಲ್ಲ, ರುಚಿ ನೋಡುವಂತಿಲ್ಲ. ಮುಚ್ಚಳ ಸರಿಸಿದಾಗ ಗಾಳಿ ತಾನಾಗಿ ತಂದ ಪರಿಮಳವಷ್ಟೇ ಅವನ ಅಳತೆ. ಅದರಲ್ಲಿ ಅವನು ಎಂದೂ ತಪ್ಪಿದವನಲ್ಲ. "ಈ ಮೂಗಿಗೆ ಅಮ್ಮನವರೇ ಒಂದು ನತ್ತು ಮಾಡಿಸಿ ಹಾಕಬೇಕು ಕಣ್ರೋ" ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ.

ಒಂದು ಮಳೆಗಾಲ ಅವನಿಗೆ ಜ್ವರ ಬಂತು. ಜ್ವರ ಬಿಟ್ಟಾಗ ಜೀವ ಉಳಿದಿತ್ತು. ವಾಸನೆ ತಿಳಿಯುವ ಶಕ್ತಿ ಹೋಗಿತ್ತು. ಹೂವೂ ಒಂದೇ, ಹೊಗೆಯೂ ಒಂದೇ. ಅವನು ಯಾರಿಗೂ ಹೇಳಲಿಲ್ಲ. ಹೇಳಿದರೆ ಒಲೆ ಇನ್ನೊಬ್ಬನ ಪಾಲಾಗುತ್ತದೆ. ಒಲೆಯ ಮುಂದಿನ ಬಾಳನ್ನು ಬಿಟ್ಟು ಅವನಿಗೆ ಬೇರೆ ಬಾಳು ಗೊತ್ತಿರಲಿಲ್ಲ.

ಬೇಸಗೆ ಬಂತು. ಚೆಂಬಿನಲ್ಲಿ ಹೂ ಮುಚ್ಚಿಟ್ಟು ಕಾದ. ಪರಿಮಳ ಬರಲಿಲ್ಲ. ಇನ್ನಷ್ಟು ಹೂ ಹಾಕಿ ಕಾದ. ಆಗಲೂ ಬರಲಿಲ್ಲ. ಪೂಜೆಯ ಗಂಟೆ ಹತ್ತಿರವಾಯಿತು. ಹೂ ತೆಗೆಯದೆಯೇ ಕೆನೆ ಸುರಿದುಬಿಟ್ಟ.

ನೈವೇದ್ಯವಾದ ಮೇಲೆ ಪ್ರಸಾದ ಹಂಚಿದರು. ಬಾಯಿಗಿಟ್ಟವರು ಮುಖ ಕಿವುಚಿದರು. ಆದರೆ ಪ್ರಸಾದಕ್ಕೆ ಹೆಸರಿಡುವುದು ಆ ಊರಿನಲ್ಲಿ ಪಾಪ. ಅದೂ ಅಲ್ಲದೆ, ಅವನು ಎಲ್ಲರಿಗೂ ಬೇಕಾದವನು. ಗುಡಿಯ ಪದ್ಧತಿಯಂತೆ ಅಡುಗೆಯವನ ಪಾಲು ಎಲ್ಲರ ಕೊನೆಗೆ. ಈ ಕಹಿ ಅವನ ಬಾಯಿಗೆ ಹೋಗದಿರಲಿ ಎಂದು ಜನ ಮತ್ತೆ ಮತ್ತೆ ದೊನ್ನೆ ಒಡ್ಡಿದರು. ಕಣ್ಣು ಮುಚ್ಚಿ ನುಂಗಿದರು. ಚೆಂಬು ಬರಿದಾಗುವವರೆಗೆ ಯಾರೂ ಏಳಲಿಲ್ಲ.

ಬರಿದಾದ ಚೆಂಬು ನೋಡಿ ಅವನು ಎದೆಯುಬ್ಬಿಸಿದ. ಮೂಗು ಹೋದರೇನು, ಕೈ ಇದೆಯಲ್ಲ ಎಂದುಕೊಂಡ. ಮುಂದಿನ ಪೂಜೆಗೆ ಹೂ ಇನ್ನೂ ಹೆಚ್ಚಾಯಿತು. ಜನ ಅದನ್ನೂ ನುಂಗಿದರು.

ಹೀಗಿರಲು ಒಂದು ದಿನ ಪರಸ್ಥಳದ ವ್ಯಾಪಾರಿಯೊಬ್ಬ ಸಾಲಿನಲ್ಲಿ ಬಂದು ಕೂತ. ಒಂದು ತುತ್ತು ಬಾಯಿಗಿಟ್ಟವನೇ ಥೂ ಎಂದು ಉಗುಳಿದ.

"ಏನ್ರಯ್ಯಾ ಇದು? ಅತ್ತರಿನ ಅಂಗಡಿ ತೊಳೆದ ನೀರಿಗೆ ಮಾವಿನಹಣ್ಣು ಹಿಂಡಿದ್ದೀರಾ? ನಿಮ್ಮ ಅಡುಗೆಯವನಿಗೆ ಮೂಗು ಇದೆಯೋ, ಸಂತೆಯಲ್ಲಿ ಮಾರಿಕೊಂಡನೋ?"

ಗಟ್ಟಿಯಾಗಿ ನಕ್ಕು, ದೊನ್ನೆ ಬಿಸಾಡಿ, ತನ್ನ ಗಾಡಿ ಹೂಡಿಕೊಂಡು ಹೊರಟುಹೋದ.

ಅಡುಗೆಯವನು ಬಾಗಿಲಲ್ಲೇ ನಿಂತಿದ್ದ. "ಹೌದೇನ್ರಪ್ಪಾ?" ಎಂದು ಸಾಲಿನವರನ್ನು ಕೇಳಿದ.

"ಛೇ ಛೇ, ಅಮೃತ" ಎಂದರು ಎಲ್ಲರೂ. ಅವನ ಕಣ್ಣು ನೋಡಿ ಹೇಳಿದವರು ಯಾರೂ ಇಲ್ಲ. ಅವನು ಒಳಗೆ ಹೋಗಿ ಚೆಂಬಿನ ತಳಕ್ಕೆ ಬೆರಳು ಹಾಕಿ ನೆಕ್ಕಿದ. ಮೂಗು ಸತ್ತಿದ್ದರೂ ನಾಲಗೆ ಬದುಕಿತ್ತು. ಗಂಟಲಿಗಿಳಿಯದಷ್ಟು ಕಹಿ.

ಮನೆಗೆ ಬಂದು ಹೆಂಡತಿಯನ್ನು ಕೇಳಿದ. "ನಿನಗೂ ಗೊತ್ತಿತ್ತೇನೇ?"

"ಗೊತ್ತಿತ್ತು" ಎಂದಳು. "ಆವತ್ತು ನಮ್ಮ ಒಲೆಯಲ್ಲಿ ಹಾಲು ಸೀದು, ಬೀದಿಯವರೆಲ್ಲ ಬಾಗಿಲಿಗೆ ಬಂದಿದ್ದರು. ನೀವು ಒಲೆಯ ಪಕ್ಕದಲ್ಲೇ ಹಾಯಾಗಿ ಹೂ ಬಿಡಿಸುತ್ತಿದ್ದಿರಿ."

"ಮತ್ತೆ ಹೇಳಲಿಲ್ಲ ಯಾಕೆ?"

"ಹೇಳಿದರೆ ನಿಮಗೆ ಒಲೆ ತಪ್ಪುತ್ತದೆ. ಒಲೆ ತಪ್ಪಿದರೆ ನೀವು ನನಗೆ ಉಳಿಯುತ್ತೀರೋ ಇಲ್ಲವೋ ಎಂದು ಹೆದರಿದೆ."

ಅವನು ಜಗಲಿಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತ. ಊಟಕ್ಕೂ ಏಳಲಿಲ್ಲ. ಊರವರು ಒಬ್ಬೊಬ್ಬರಾಗಿ ಬಂದರು. "ಆ ಗಾಡಿಯವನಿಗೇನು ಗೊತ್ತು, ಬಿಡಿ" ಎಂದು ಸಮಾಧಾನ ಹೇಳಿ, ಎಲೆಯಡಿಕೆ ಹಾಕಿಕೊಂಡು ಎದ್ದು ಹೋದರು. ಹೆಂಡತಿ ಮಾತ್ರ ಎದ್ದು ಹೋಗಲಿಲ್ಲ. ತಾನೂ ಉಣ್ಣದೆ ಅವನ ಪಕ್ಕದಲ್ಲಿ ಕೂತಳು. ಅವನು ಬೈದ, ಕೂತೇ ಇದ್ದಳು. ಅವನು ಅತ್ತ; ಆಗಲೂ ಅಲ್ಲೇ ಇದ್ದಳು.

ಮುಂದಿನ ಪೂಜೆ ಬಂತು. "ಒಲೆ ಬೇರೆಯವರಿಗೆ ಕೊಡಿ ಎಂದು ಹೇಳಿ ಬರುತ್ತೇನೆ" ಎಂದು ಅವನು ಎದ್ದ.

"ನಡೆಯಿರಿ, ನಾನೂ ಬರುತ್ತೇನೆ" ಎಂದು ಅವಳೂ ಎದ್ದಳು.

ಗುಡಿಯ ಅಡುಗೆಮನೆಯೊಳಗೆ ಅಡುಗೆಯವನಲ್ಲದೆ ಬೇರೆ ಯಾರೂ ಕಾಲಿಡುವಂತಿರಲಿಲ್ಲ. ಅವಳು ಬಾಗಿಲಾಚೆ, ಒಳಗಿನ ಗಾಳಿ ಹೊರಗೆ ಬೀಸುವ ಕಡೆ ನೋಡಿ, ನೆಲದ ಮೇಲೆ ಕೂತಳು.

"ಒಲೆ ಆಮೇಲೆ ಕೊಡುವಿರಂತೆ. ಈಗ ಹೊತ್ತಿಸಿ. ಚೆಂಬಿಗೆ ಹೂ ಇಡಿ. ನಾನು ಮೂಸುವುದಿಲ್ಲ, ಮುಟ್ಟುವುದಿಲ್ಲ. ಗಾಳಿ ಇಲ್ಲಿಗೆ ಏನು ತರುತ್ತದೋ ಅದನ್ನು ಹೇಳುತ್ತೇನೆ."

ಪೂಜಾರಿ ಬಂದವನು ಹುಬ್ಬು ಗಂಟಿಕ್ಕಿದ. "ಇಲ್ಲಿ ನಿಮಗೇನು ಕೆಲಸ, ತಾಯಿ?"

"ಸಾಕು ಎನ್ನುವ ಕೆಲಸ" ಎಂದಳು.

"ಅದನ್ನು ಮನೆಯಲ್ಲಿ ದಿನವೂ ಮಾಡುತ್ತೀರಲ್ಲ, ಇಲ್ಲೂ ಬೇಕೇ?"

"ಮನೆಯಲ್ಲಿ ಕೇಳುವುದಿಲ್ಲ ಪೂಜಾರಪ್ಪಾ. ಇಲ್ಲಾದರೂ ಕೇಳಲಿ ಎಂದು ಬಂದೆ."

ಅಡುಗೆಯವನು ಹೊರಗೆ ಬಂದು ಕೈ ಮುಗಿದ. "ನನ್ನ ಮೂಗು ಸತ್ತು ಹೋಗಿದೆ, ಸ್ವಾಮಿ. ಊರಿಗೆ ಕಹಿ ತಿನ್ನಿಸಿದೆ. ಇವಳು ಹೇಳಿದಂತೆ ಇಂದು ಮಾಡಿ ನೋಡುತ್ತೇನೆ. ಬೇಡವೆಂದರೆ ಈಗಲೇ ಒಲೆ ಆರಿಸುತ್ತೇನೆ."

ಪೂಜಾರಿ ಅವನನ್ನೂ ನೋಡಿದ, ಅವಳನ್ನೂ ನೋಡಿದ. ಆ ಕಹಿಯನ್ನು ಅವನೂ ನುಂಗಿದ್ದವನೇ. "ಗಾಳಿಗೆ ಮಡಿಯಿಲ್ಲ, ಮೈಲಿಗೆಯಿಲ್ಲ. ಮಾಡಪ್ಪ" ಎಂದು ಗರ್ಭಗುಡಿಯ ಕಡೆ ಹೋದ.

ಒಳಗೆ ಮುಚ್ಚಳ ಸರಿದ ಸದ್ದು. ಅಡುಗೆಯವನು ಕಿವಿಗೊಟ್ಟು ನಿಂತ. ಬಹಳ ಹೊತ್ತು ಏನೂ ಬರಲಿಲ್ಲ. ಆಮೇಲೆ ಬಾಗಿಲಾಚೆಯಿಂದ "ಸಾಕು" ಎಂದು ಬಂತು. ಹೂ ತೆಗೆದು ಕೆನೆ ಸುರಿದ.

ಅಂದು ತುಸು ಕಹಿ ಉಳಿದಿತ್ತು. ಅವಳಿಗೂ ಹೊಸದಲ್ಲವೇ, ತಡಮಾಡಿದ್ದಳು. ಮುಂದೆ ಇಬ್ಬರಿಗೂ ಹದ ಸಿಕ್ಕಿತು. ಮೊದಲಿನಷ್ಟೇ ಚೆನ್ನಾಗಿತ್ತೇ ಎಂದರೆ, ಇತ್ತು ಎಂದವರೂ ಉಂಟು, ಇಲ್ಲ ಎಂದವರೂ ಉಂಟು. ಒಲೆಯಂತೂ ಅವನ ಕೈ ತಪ್ಪಲಿಲ್ಲ. ಕೂದಲು ನರೆತು ಸೊಂಟ ಬಾಗಿದ ಮೇಲೂ, ಬೇಸಗೆ ಬಂದಾಗಲೆಲ್ಲ ಅವಳು ಆ ಬಾಗಿಲಾಚೆ ಬಂದು ಕೂರುತ್ತಿದ್ದಳು.

ಗುರುಗಳು ಕತೆ ನಿಲ್ಲಿಸಿದರು. ಬೊಮ್ಮಣ್ಣ ತೊಡೆ ತಟ್ಟಿ ಎದ್ದು ನಿಂತ.

"ಹಾಗಾದರೆ ಸುಮ್ಮನಿರುವುದು ತಪ್ಪು ಎಂದಾಯಿತಲ್ಲ! ನಾನು ಅಂದದ್ದೂ ಅದೇ. ಈಗಲೇ ಹೋಗಿ ಆ ಹಿರಿಯರಿಗೆ ಹೇಳಿಬಿಡುತ್ತೇನೆ, ಗುರುಗಳೇ."

"ಹೇಳು" ಎಂದರು ಗುರುಗಳು. "ಹೇಳಿದ ಮೇಲೆ ಅವರ ಪಕ್ಕದಲ್ಲಿ ಎಷ್ಟು ದಿನ ಕೂರುತ್ತೀಯ?"

ಎದ್ದು ನಿಂತಿದ್ದ ಬೊಮ್ಮಣ್ಣ ಮೆಲ್ಲಗೆ ಮತ್ತೆ ಕೂತ.