ನೇಕಾರ ಉಳಿಸಿದ್ದು

“ಗುರುಗಳೇ, ಮಾತು ಉಳಿಸಿಕೊಂಡವನನ್ನು ಜನ ದೊಡ್ಡವನೆನ್ನುತ್ತಾರೆ. ಹಣ ಉಳಿಸಿದವನನ್ನು ಜಿಪುಣನೆನ್ನುತ್ತಾರೆ. ಉಳಿಸುವುದು ಗುಣವೋ, ದೋಷವೋ?”

ಕೇಳಿದವನು ಶಿಷ್ಯ ಮರುಳಯ್ಯ. ಮಠದ ಉಗ್ರಾಣ ಅವನ ವಶದಲ್ಲಿತ್ತು. ಎಣ್ಣೆಯನ್ನು ಅಳೆದು ಕೊಡುತ್ತಾನೆಂದು ಅಡುಗೆಯವರು ಅವನನ್ನು ಆಡಿಕೊಂಡಿದ್ದರು. ಅದು ಅವನ ಮನಸ್ಸಿಗೆ ನಾಟಿತ್ತು.

ಗುರುಗಳು ಅವನನ್ನು ಕೂರಿಸಿಕೊಂಡು ಹೇಳಿದರು:

ಒಂದೂರಿನಲ್ಲಿ ಒಬ್ಬ ನೇಕಾರನಿದ್ದ. ಅವನಿಗೆ ಸ್ವಂತ ಮಗ್ಗವಿರಲಿಲ್ಲ. ಧಣಿಯ ಮಗ್ಗದಲ್ಲಿ ಕೂಲಿಗೆ ನೇಯುತ್ತಿದ್ದ. ಸಾಯುವುದರೊಳಗೆ ತನ್ನದೇ ಮಗ್ಗದಲ್ಲಿ ಒಂದು ಸೀರೆ ನೇಯಬೇಕು ಎಂಬುದೊಂದೇ ಅವನ ಆಸೆ. ಅದಕ್ಕಾಗಿ ಗಂಡ ಹೆಂಡತಿ ಒಂಬತ್ತು ವರ್ಷ ಗಂಜಿ ಕುಡಿದು, ಮಿಕ್ಕಿದ್ದನ್ನು ಒಂದು ಗಡಿಗೆಗೆ ಹಾಕಿದರು. ಹಬ್ಬಕ್ಕೆ ಹೋಳಿಗೆಯಿಲ್ಲ. ಹೆಂಡತಿಯ ತಲೆಗೆ ಮೊಳ ಹೂವಿಲ್ಲ.

ಪಕ್ಕದ ಮನೆಯವನು ನೂಲಿಗೆ ಬಣ್ಣ ಹಾಕುವವನು. ಒಳ್ಳೆಯ ಮನುಷ್ಯ, ಧಾರಾಳಿ. ಬಂದದ್ದನ್ನು ಬಂದ ದಿನವೇ ಹಂಚಿ ಉಣ್ಣುವನು. ಅವನ ಜಗಲಿಯ ಮೇಲೆ ಸದಾ ನಾಲ್ಕು ಜನ. ನೇಕಾರ ಆ ದಾರಿಯಲ್ಲಿ ಹೋದರೆ, “ಎಂಜಲು ಕೈಯಲ್ಲಿ ಕಾಗೆ ಓಡಿಸದವನು ಹೊರಟ ನೋಡಿ,” ಎಂದು ಅವರು ನಗುವರು, ಬಣ್ಣದವನೂ ಜೊತೆಗೆ ನಗುವನು. ನೇಕಾರ ತಲೆ ತಗ್ಗಿಸಿ ನಡೆಯುವನು.

ಹೀಗಿರಲು ಬಣ್ಣದವನ ಮಗಳು ಜ್ವರದಿಂದ ಮಲಗಿದಳು. ಆರು ವರ್ಷದ ಕೂಸು. ಹತ್ತು ದಿನವಾದರೂ ಜ್ವರ ಇಳಿಯಲಿಲ್ಲ. ಪಟ್ಟಣದ ದೊಡ್ಡ ವೈದ್ಯರಲ್ಲಿಗೆ ಒಯ್ದು ತಿಂಗಳು ಕಾಲ ಇರಿಸಬೇಕೆಂದು ಹೇಳಿ ಊರ ಪಂಡಿತ ಕೈಚೆಲ್ಲಿದ. ಬಣ್ಣದವನ ಕೈ ಬರಿದಾಗಿತ್ತು. ಜಗಲಿಯ ಮೇಲಿನವರು ಮರುಗಿದರು. ಆಮೇಲೆ ಒಬ್ಬೊಬ್ಬರಾಗಿ ಎದ್ದು ಹೋದರು.

ನೇಕಾರ ಮನೆಯೊಳಗೆ ಹೋಗಿ ಕದ ಹಾಕಿಕೊಂಡ. ಗೋಡೆಯಾಚೆಯಿಂದ ಮಗುವಿನ ನರಳಾಟ ಕೇಳುತ್ತಿತ್ತು. ಇದು ನನ್ನ ಮಗುವಲ್ಲ ಎಂದುಕೊಂಡ. ನನ್ನನ್ನು ಕಂಡು ನಕ್ಕವನ ಮಗು ಎಂದುಕೊಂಡ. ಕಿವಿ ಮುಚ್ಚಿಕೊಂಡ. ನರಳಾಟ ಆಗಲೂ ಕೇಳಿಸಿತು. ಕೊನೆಗೆ ಗಡಿಗೆಯ ಮುಂದೆ ಹೋಗಿ ಕುಳಿತ.

ಹೆಂಡತಿಗೆ ಅರ್ಥವಾಯಿತು. “ಒಂಬತ್ತು ವರ್ಷ ಗಂಜಿ ಕುಡಿದದ್ದು ಇದಕ್ಕೇನು?” ಎಂದಳು.

“ಯಾವುದಕ್ಕೋ, ನನಗೂ ತಿಳಿಯದು ಕಣೇ. ಆದರೆ ಈ ಬೀದಿಯಲ್ಲಿ ಇವತ್ತು ಕೊಡಲಿಕ್ಕೆ ಇರುವುದು ನಮ್ಮ ಹತ್ತಿರ ಮಾತ್ರ.”

ಅವನು ಕೈ ಚಾಚಿದ. ಗಡಿಗೆ ಎತ್ತಲಾಗಲಿಲ್ಲ. ಅವಳು ಅಳುತ್ತಲೇ ಅದನ್ನು ಸೊಂಟಕ್ಕೇರಿಸಿ, ತಾನೇ ಹೋಗಿ ಮಗುವಿನ ತಾಯಿಯ ಮಡಿಲಲ್ಲಿ ಇಟ್ಟು ಬಂದಳು. ಹೊತ್ತೇರುವ ಮೊದಲೇ ಗಾಡಿ ಕಟ್ಟಿದರು. ಬಣ್ಣದವನು ನೇಕಾರನ ಮುಖ ನೋಡಲಾರದೆ ಕೈ ಮುಗಿದ. ಗಾಡಿ ಊರು ದಾಟಿತು. ನೇಕಾರ ಧಣಿಯ ಮಗ್ಗಕ್ಕೆ ಹೋಗಿ ಕುಳಿತ. ಅಂದು ಅವನ ಕೈಯಲ್ಲಿ ಮೂರು ಸಲ ಎಳೆ ಕಡಿದುಹೋಯಿತು.

ಗುರುಗಳು ಅಷ್ಟಕ್ಕೆ ನಿಲ್ಲಿಸಿದರು. ಮರುಳಯ್ಯನ ಕಣ್ಣು ತೇವವಾಗಿತ್ತು.

“ಪಾಪ! ಆಮೇಲಾದರೂ ಅವನಿಗೆ ಮಗ್ಗ ಸಿಕ್ಕಿತೇ, ಗುರುಗಳೇ?”

“ಮಗು ಉಳಿಯಿತು, ಮರುಳಯ್ಯ. ನೀನು ಕೇಳಿದ್ದು ಮಗ್ಗದ ವಿಷಯ.”